ನೀತಿಯಿಲ್ಲದ ಗೆಳೆತನ

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಥಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಕಾಲೇಜಿನಲ್ಲಿ ಕನ್ನಡ ಕಲಿಸುವವನಿಗೆ ಇಂಥ ಕರೆಗಳು ಬರುತ್ತಲೇ ಇರುತ್ತವೆ. ಒಂದು ಹಾರ, ಒಂದು ತಟ್ಟೆ ಉಪ್ಪಿಟ್ಟು ಸ್ವೀಕರಿಸಿ, ಮೂವತ್ತು ನಾಲ್ವತ್ತು ಕಾಗದಗಳನ್ನು ಓದಿ ಅಂಕ ಹಾಕಿ ಬರುವುದು. ಅಂದು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಬರೆದಿದ್ದ ಕಥೆ ಹೀಗಿತ್ತು. ಒಂದು ಎಮ್ಮೆ, ಒಂದು ಅಳಿಲು. ಅಳಿಲು ದಿನವೂ ಎಮ್ಮೆಯ ಬೆನ್ನಿನ ಮೇಲೆ ಕುಳಿತು ಕೆರೆಯ ತನಕ ಹೋಗುತ್ತದೆ. ಎಮ್ಮೆ ನೀರಿಗಿಳಿಯುತ್ತದೆ. ಅಳಿಲಿಗೆ ನೀರೆಂದರೆ ಹೆದರಿಕೆ; ದಂಡೆಯ ಮೇಲೆ ಏನನ್ನೋ ತಿನ್ನುತ್ತ ಕುಳಿತಿರುತ್ತದೆ. ಸಂಜೆ ಎಮ್ಮೆ ಮೇಲೆದ್ದು ಬರುತ್ತದೆ. ಬೆನ್ನು ಒದ್ದೆಯಾಗಿರುವುದರಿಂದ ಅಳಿಲು ಪಕ್ಕದಲ್ಲಿ ಓಡಿಕೊಂಡು ಮನೆಗೆ ಹೋಗುತ್ತದೆ. ಕಥೆ ಮುಗಿಯಿತು.

ನಾನು ಕೆಂಪು ಮಸಿಯಿಂದ ‘ನೀತಿ ಸ್ಪಷ್ಟವಾಗಿಲ್ಲ’ ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಬಹುಮಾನ ಹೋದದ್ದು ಇರುವೆಗಳೆಲ್ಲ ಸೇರಿ ಸಿಂಹವನ್ನು ಓಡಿಸಿದ ಕಥೆಗೆ. ಅದರ ಕೊನೆಯಲ್ಲಿ ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂಬ ಮಾತಿಗೆ ಅಳತೆಪಟ್ಟಿ ಹಿಡಿದು ಎರಡು ಗೆರೆ ಎಳೆದಿದ್ದರು. ಸಮಾರಂಭ ಮುಗಿದ ಮೇಲೆ ಆ ಹುಡುಗಿ ತನ್ನ ಕಾಗದ ಹಿಡಿದುಕೊಂಡು ಬಂದು, “ಸರ್, ಎಮ್ಮೆ ಬರೋ ತನಕ ಅಳಿಲು ಕಾಯ್ತಾ ಇತ್ತಲ್ಲ?” ಎಂದು ಕೇಳಿದಳು. “ಹೌದಮ್ಮ, ಆದರೆ ಅದರಿಂದ ನಾವು ಕಲಿಯಬೇಕಾದ್ದು ಏನು?” ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಏನೂ ಹೇಳದೆ ಹೊರಟುಹೋದಳು. ಮೇಷ್ಟರಿಗೆ ತಿಳಿಯಲಿಲ್ಲವೆಂದು ಮಕ್ಕಳು ಮುಖದ ಮೇಲೆ ಹೇಳುವ ಪದ್ಧತಿ ನಮ್ಮಲ್ಲಿಲ್ಲವಷ್ಟೆ.

ಅವಳ ಪ್ರಶ್ನೆ ನನಗೆ ಅರ್ಥವಾದುದು ಬಹಳ ತಡವಾಗಿ, ಅದೂ ಒಂದು ಪರದೇಶದ ಪುಸ್ತಕದಿಂದ. ತಂಗಿಯ ಮನೆಗೆ ಹೋಗಿದ್ದಾಗ ಅವಳ ಮಗನನ್ನು ಮಲಗಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಹುಡುಗ ತಂದುಕೊಟ್ಟದ್ದು ಅಮೆರಿಕದ ಆರ್ನಾಲ್ಡ್ ಲೋಬೆಲ್ ಬರೆದು ತಾನೇ ಚಿತ್ರ ಬಿಡಿಸಿದ ‘ಫ್ರಾಗ್ ಅಂಡ್ ಟೋಡ್ ಆರ್ ಫ್ರೆಂಡ್ಸ್’ ಎಂಬ 1970ರ ಪುಸ್ತಕ. ಒಂದು ಕಪ್ಪೆ, ಒಂದು ನೆಲಗಪ್ಪೆ. ಇವೆರಡರ ಸ್ನೇಹವೇ ವಸ್ತು. 1972, 1976, 1979ರಲ್ಲಿ ಇನ್ನೂ ಮೂರು ಪುಸ್ತಕಗಳು ಬಂದವು. ಒಂದೊಂದರಲ್ಲಿ ಐದರಂತೆ ಒಟ್ಟು ಇಪ್ಪತ್ತು ಕಥೆಗಳು. ಆಗತಾನೆ ಅಕ್ಷರ ಕೂಡಿಸಿ ಓದಲು ಕಲಿತ ಮಕ್ಕಳಿಗಾಗಿ ಬರೆದವಾದ್ದರಿಂದ ವಾಕ್ಯಗಳು ತುಂಡುತುಂಡಾಗಿವೆ. ಕಠಿಣವಾದ ಮಾತು ಒಂದೂ ಇಲ್ಲ.

ಮೊದಲ ಪುಸ್ತಕದ ಕೊನೆಯ ಕಥೆ ಒಂದು ಕಾಗದದ ವಿಷಯ. ನೆಲಗಪ್ಪೆ ತನ್ನ ಮನೆಯ ಜಗಲಿಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದೆ. ಅದು ಟಪಾಲಿಗಾಗಿ ಕಾಯುವ ಹೊತ್ತು. ಆದರೆ ಅದಕ್ಕೆ ಕಾಗದ ಬರೆದವರು ಇದುವರೆಗೂ ಯಾರೂ ಇಲ್ಲ. ಕಪ್ಪೆ ಇದನ್ನು ಕೇಳಿ, ಸಮಾಧಾನ ಹೇಳಲು ಹೋಗದೆ, ತಾನೂ ಪಕ್ಕದಲ್ಲಿ ಕುಳಿತು ಸ್ವಲ್ಪ ದುಃಖಪಡುತ್ತದೆ. ಆಮೇಲೆ ಅವಸರದಿಂದ ಮನೆಗೆ ಹೋಗಿ ಗೆಳೆಯನಿಗೆ ಒಂದು ಕಾಗದ ಬರೆದು, ತಲಪಿಸುವಂತೆ ಬಸವನಹುಳುವಿನ ಕೈಯಲ್ಲಿ ಕೊಡುತ್ತದೆ. (ಬಸವನಹುಳುವಿಗೆ ಕೈ ಎಲ್ಲಿಯದೆಂದು ವೈಯಾಕರಣರು ಕೇಳಬಾರದು.) ಮತ್ತೆ ನೆಲಗಪ್ಪೆಯ ಮನೆಗೆ ಓಡಿಬಂದು, ಹಾಸಿಗೆ ಹಿಡಿದಿರುವ ಗೆಳೆಯನನ್ನು ‘ಇನ್ನೂ ಸ್ವಲ್ಪ ಕಾಯಿ’ ಎಂದು ಒತ್ತಾಯಿಸುತ್ತ, ಮತ್ತೆ ಮತ್ತೆ ಕಿಟಕಿಯಲ್ಲಿ ಇಣುಕುತ್ತದೆ. ಬಸವನಹುಳು ಬರುವುದೆಂತು? ಕಡೆಗೆ ತಡೆಯಲಾರದೆ, ಬರೆದವನು ತಾನೇ ಎಂದು ಒಪ್ಪಿಕೊಂಡು, ಕಾಗದದಲ್ಲಿ ಇದ್ದದ್ದನ್ನೂ ಹೇಳಿಬಿಡುತ್ತದೆ. ಇಲ್ಲಿಗೆ ಕಥೆಯ ಗುಟ್ಟೆಲ್ಲ ಬಯಲಾಯಿತು. ಆದರೂ ಇಬ್ಬರೂ ಜಗಲಿಗೆ ಬಂದು, ಬರಲಿರುವ ಕಾಗದಕ್ಕಾಗಿ ಸಂತೋಷದಿಂದ ಕಾಯುತ್ತ ಕೂಡುತ್ತಾರೆ. ಬಸವನಹುಳು ಬಂದು ಮುಟ್ಟುವುದು ನಾಲ್ಕು ದಿನಗಳ ಮೇಲೆ.

ಹುಡುಗ ಬಸವನಹುಳುವಿನ ಹೆಸರು ಬಂದಾಗಲೇ ನಕ್ಕು ನಿದ್ದೆ ಹೋದ. ನಾನು ಎದ್ದು ಕುಳಿತಿದ್ದೆ. ಕಾಯುವುದೇ ಕಥೆಯಾಗಿದೆಯಲ್ಲ! ಇದಕ್ಕೂ ನಾನು ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆನೆ?

ನಮ್ಮ ಪ್ರಾಣಿಕಥೆಗಳ ಪರಂಪರೆ ದೊಡ್ಡದು. ಅದನ್ನು ಹಳಿಯಲು ನಾನು ಹೊರಟಿಲ್ಲ. ಸುಮಾರು 1031ರಲ್ಲಿ, ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗನ ಕೃತಿಯನ್ನು ಅನುಸರಿಸಿ ಕನ್ನಡದಲ್ಲಿ ಪಂಚತಂತ್ರವನ್ನು ಬರೆದನು. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬುವು ಅದರ ಐದು ಪ್ರಕರಣಗಳು. ಮೊದಲನೆಯದೇ ಗೆಳೆಯರನ್ನು ಅಗಲಿಸುವ ವಿದ್ಯೆ! ಮಿತ್ರನಿಗೆ ಸ್ಥಾನ ದೊರೆತ ಕಡೆಯಲ್ಲಿಯೂ ಅವನ ಬೆನ್ನಿಗೆ ‘ಕಾರ್ಯ’ ಅಂಟಿಕೊಂಡಿದೆ. ಸಂಧಿವಿಗ್ರಹಿಗೆ ಇದು ಸಹಜ. ಸಂಸ್ಕೃತದ ವಿಷ್ಣುಶರ್ಮನಾದರೂ ಅಮರಶಕ್ತಿ ರಾಜನ ಮೂವರು ಮಂದಮತಿಗಳನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡುವೆನೆಂದು ಮಾತು ಕೊಟ್ಟವನು. ಅವನ ಕಾಗೆ, ಇಲಿ, ಆಮೆ, ಜಿಂಕೆಗಳ ಸ್ನೇಹ ಬಹು ಸೊಗಸಾದುದು. ಕೊಳದ ದಂಡೆಯಲ್ಲಿ ಕೂಡಿ ಅವು ಮಾತಾಡುವ ಚಿತ್ರ ಯಾರ ಮನಸ್ಸಿನಿಂದಲೂ ಮಾಸುವುದಿಲ್ಲ. ಆದರೆ ಇಲಿಯ ಹಲ್ಲಿಗೆ ಬಲೆಯನ್ನು ಕತ್ತರಿಸುವ ಶಕ್ತಿಯಿರದಿದ್ದರೆ ಕಾಗೆ ಅದರ ಬಿಲದ ಬಾಗಿಲಿಗೆ ಬಂದು ಸ್ನೇಹ ಬೇಡುತ್ತಿತ್ತೆ? ಇನ್ನು ಕಪ್ಪೆಯ ಪಾಡಂತೂ ಹೇಳತೀರದು. ಶಾಸ್ತ್ರಿಗಳು ಅದನ್ನು ಕೂಪಮಂಡೂಕವೆಂದು ಬೈಗುಳಕ್ಕೆ ಬಳಸಿಕೊಂಡರು. ಗಂಗದತ್ತನೆಂಬ ಕಪ್ಪೆಯರಸು ದಾಯಾದಿಗಳ ಮೇಲಿನ ಹಗೆಗಾಗಿ ಹಾವನ್ನೇ ಬಾವಿಗೆ ಕರೆತಂದು ಕುಲವನ್ನೆಲ್ಲ ಅದರ ಹೊಟ್ಟೆಗೆ ಹಾಕಿದನು. ಇದನ್ನೆಲ್ಲ ಓದಿ ಬೆಳೆದ ನನಗೆ, ಬಿಸ್ಕತ್ತು ಸುಟ್ಟು ಗೆಳೆಯನ ಮನೆಗೆ ಒಯ್ಯುವ ನೆಲಗಪ್ಪೆ ಸ್ವಲ್ಪ ದಿಗ್ಭ್ರಮೆಯನ್ನೇ ಉಂಟುಮಾಡಿತು.

ಲೋಬೆಲನ ಎರಡು ಕಪ್ಪೆಗಳು ಒಂದಕ್ಕೊಂದು ಯಾವ ಉಪಯೋಗಕ್ಕೂ ಬರುವುದಿಲ್ಲ. ಉಪಯೋಗವಾಗಲು ಹೊರಟಾಗಲಂತೂ ಫಲ ಸೊನ್ನೆ. ಮೂರನೆಯ ಪುಸ್ತಕದಲ್ಲಿ, ಎಲೆ ಉದುರುವ ಕಾಲದಲ್ಲಿ, ಪ್ರತಿಯೊಂದೂ ಇನ್ನೊಂದಕ್ಕೆ ಗೊತ್ತಾಗದಂತೆ ಹೋಗಿ ಅದರ ಅಂಗಳದ ಎಲೆಗಳನ್ನು ಗುಡಿಸಿ ರಾಶಿ ಹಾಕುತ್ತದೆ. ಹಿಂತಿರುಗುವಷ್ಟರಲ್ಲಿ ಗಾಳಿ ಬೀಸಿ ಎರಡು ರಾಶಿಗಳನ್ನೂ ಚೆಲ್ಲಾಪಿಲ್ಲಿ ಮಾಡುತ್ತದೆ. ತನಗಾಗಿ ಗೆಳೆಯ ದುಡಿದನೆಂಬುದು ಇಬ್ಬರಿಗೂ ಎಂದೆಂದಿಗೂ ತಿಳಿಯುವುದಿಲ್ಲ. ಗೆಳೆಯನಿಗೆ ಎಷ್ಟು ಅಚ್ಚರಿಯಾಗಿರಬೇಕೆಂದು ನೆನೆಯುತ್ತ ಇಬ್ಬರೂ ಆ ರಾತ್ರಿ ಸುಖವಾಗಿ ಮಲಗುತ್ತಾರೆ. ಇಲ್ಲಿ ನೀತಿಯನ್ನು ಹುಡುಕಿ: ಶ್ರಮ ವ್ಯರ್ಥ, ಫಲವಿಲ್ಲ, ಕೃತಜ್ಞತೆಯೂ ಇಲ್ಲ. ಪರೀಕ್ಷೆಯಲ್ಲಿ ಕೇಳಲು ಒಂದು ಪ್ರಶ್ನೆಯೂ ಸಿಕ್ಕುವುದಿಲ್ಲ. ಎರಡು ಅಂಗಳಗಳಲ್ಲಿಯೂ ಎಲೆ ಹರಡಿದೆ, ಎರಡು ಮನೆಗಳಲ್ಲಿಯೂ ಸುಖನಿದ್ರೆ.

ಇಂಥ ಕಥೆಗಳು ಮಕ್ಕಳನ್ನು ಮೆತ್ತಗೆ ಮಾಡುತ್ತವೆ, ಲೋಕದ ಕ್ರೌರ್ಯಕ್ಕೆ ಅವರನ್ನು ಅಣಿಗೊಳಿಸುವುದಿಲ್ಲ ಎಂದು ನನ್ನ ಸಹೋದ್ಯೋಗಿಗಳೊಬ್ಬರು ವಾದಿಸಿದರು. ಇತಿಹಾಸದ ಅಧ್ಯಾಪಕರು, ಕ್ರೌರ್ಯದ ವಿಷಯ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಮೃದುವಾದುದೆಲ್ಲ ಸಕ್ಕರೆಯ ಪಾಕವಲ್ಲ. ಈಜಿನ ಕಥೆಯನ್ನೇ ನೋಡಿ. ಈಜುಡುಗೆಯಲ್ಲಿ ತಾನು ವಿಚಿತ್ರವಾಗಿ ಕಾಣುತ್ತೇನೆಂದು ನಾಚುವ ನೆಲಗಪ್ಪೆ, ಯಾರೂ ನೋಡಬಾರದೆಂದು ನೀರಿನೊಳಗೇ ಉಳಿಯುತ್ತದೆ. ಕಪ್ಪೆ ಎಲ್ಲರನ್ನೂ ಹೋಗಿರೆಂದು ಕೇಳಿಕೊಳ್ಳುತ್ತದೆ. ಆಮೆ, ಹಲ್ಲಿ, ಹಾವು, ಇಲಿ ಮೊದಲಾದವು ಇದನ್ನು ಕೇಳಿಯೇ, ನೋಡಬೇಕೆಂದು ದಂಡೆಯಲ್ಲಿ ನೆರೆಯುತ್ತವೆ. ಚಳಿ ತಡೆಯದೆ ನೆಲಗಪ್ಪೆ ಮೇಲೆ ಬಂದಾಗ ಎಲ್ಲರೂ ನಗುತ್ತಾರೆ. ಈ ಪುಟದಲ್ಲಿ ತಂಗಿಯ ಮಗ ಚಂಗನೆ ಎದ್ದು ಕುಳಿತು, “ಮಾವ, ಕಪ್ಪೇನೂ ನಕ್ಕುಬಿಡ್ತು!” ಎಂದ. ಹೌದು, ಗೆಳೆಯನೂ ನಗುತ್ತಾನೆ. ನಾವಾಗಿದ್ದರೆ ಅಲ್ಲಿ ಆಪ್ತಮಿತ್ರನಿಂದ ‘ಪರರನ್ನು ಅಪಹಾಸ್ಯ ಮಾಡಬಾರದು’ ಎಂದು ಅರ್ಧ ಪುಟ ಭಾಷಣ ಮಾಡಿಸುತ್ತಿದ್ದೆವು. ಲೋಬೆಲ್ ಮಾಡಿಸಲಿಲ್ಲ. ನೆಲಗಪ್ಪೆ ತಾನು ವಿಚಿತ್ರವಾಗಿ ಕಾಣುವುದು ನಿಜವೇ ಎಂದು ಒಪ್ಪಿ ಮನೆಗೆ ಹೋಗುತ್ತದೆ. ಪುಟ ತಿರುವಿದರೆ ಮುಂದಿನ ಕಥೆ, ಅದರಲ್ಲಿ ಮತ್ತೆ ಅದೇ ಗೆಳೆಯರು. ನಗೆ ಸ್ನೇಹವನ್ನು ಕಡಿಯಲಿಲ್ಲವೆಂಬುದು ಹುಡುಗನಿಗೆ ತಿಳಿದುದು ಹಾಗೆ, ಯಾರೂ ಹೇಳಬೇಕಾಗಲಿಲ್ಲ. ಪಕ್ಕದ ಬೆಂಚಿನ ಹುಡುಗ ತನ್ನನ್ನು ನೋಡಿ ನಕ್ಕ ದಿನ ಅವನಿಗೆ ಬೇಕಾಗುವುದು ಸಂಧಿವಿಗ್ರಹವೋ ಈ ಕಥೆಯೋ, ಇತಿಹಾಸದವರೇ ಹೇಳಲಿ.

ಈ ಲೇಖಕನಿಗೆ ಹುಡುಗುತನದಲ್ಲಿ ಗೆಳೆತನವೇನೂ ಧಾರಾಳವಾಗಿ ದೊರೆತಿರಲಿಲ್ಲ. 1933ರಲ್ಲಿ ಹುಟ್ಟಿ, ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆದವನು. ಜೊತೆಯ ಹುಡುಗರಿಂದ ಪೀಡನೆಗೆ ಒಳಗಾಗಿ, ಊರಿನ ಗ್ರಂಥಾಲಯದ ಚಿತ್ರಪುಸ್ತಕಗಳಲ್ಲಿ ಆಸರೆ ಕಂಡವನು. ತೀರಿಕೊಂಡದ್ದು 1987ರಲ್ಲಿ. ನೀತಿಕಥೆ ಬರೆಯಲು ಬಾರದವನೂ ಅಲ್ಲ. 1980ರಲ್ಲಿ ‘ಫೇಬಲ್ಸ್’ ಎಂಬ ಹೆಸರಿನಿಂದ ಇಪ್ಪತ್ತು ನೀತಿಕಥೆಗಳನ್ನು ಬರೆದು, ಪ್ರತಿಯೊಂದರ ಅಡಿಯಲ್ಲಿಯೂ ನೀತಿಯನ್ನು ಅಚ್ಚುಹಾಕಿಸಿದನು. ಮರುವರ್ಷ ಕ್ಯಾಲ್ಡೆಕಾಟ್ ಪದಕ ಬಂದುದು ಅದಕ್ಕೇ. ನೀತಿ ಹೇಳಬೇಕೆನಿಸಿದಾಗ ಅದಕ್ಕೊಂದು ಬೇರೆ ಪುಸ್ತಕ ಮಾಡಿದನಲ್ಲದೆ ಕಪ್ಪೆಗಳ ತಲೆಯ ಮೇಲೆ ಹೇರಲಿಲ್ಲ. ಈ ವಿವೇಕ ನಮ್ಮ ಪಠ್ಯಗಳನ್ನು ಸಿದ್ಧಪಡಿಸುವವರಿಗೆ ಬರಬೇಕೆಂಬುದು ನನ್ನ ಬಿನ್ನಹ. ಆ ಕೆಲಸದಲ್ಲಿ ಒಂದೆರಡು ಬಾರಿ ನಾನೂ ಕೈಹಾಕಿದ್ದೇನೆ. ಆದ್ದರಿಂದ ಇದು ಪರನಿಂದೆಯಲ್ಲ.

ಇದು ಪಶ್ಚಿಮದ ಸರಕು, ನಮಗೆ ಒಗ್ಗದು ಎನ್ನುವವರೂ ಉಂಟು. ಅವರು ಪಂಜೆ ಮಂಗೇಶರಾಯರನ್ನು ನೆನೆಯಬೇಕು. 1874ರಲ್ಲಿ ಹುಟ್ಟಿ 1937ರವರೆಗೆ ಬಾಳಿದ ಆ ಹಿರಿಯರು ವೃತ್ತಿಯಿಂದ ಶಿಕ್ಷಣ ಇಲಾಖೆಯವರೇ; ನೀತಿ ಬೋಧಿಸಲು ಅವರಿಗೆ ಅಧಿಕಾರವೂ ಇತ್ತು, ಅವಕಾಶವೂ ಇತ್ತು. ಆದರೂ ಮಕ್ಕಳಿಗಾಗಿ ಅವರು ಹೇಳಿದ ಒಂದು ಕಥೆಯ ಹೆಸರು ‘ಹೇನು ಸತ್ತು ಕಾಗೆ ಬಡವಾಯಿತು’. ಆ ಹೆಸರೊಂದೇ ಸಾಕು. ಹೇನಿನಿಂದ ಕಾಗೆಗೆ ಆಗಬೇಕಾದ ಉಪಕಾರವಾದರೂ ಯಾವುದು? ಆದರೂ ಅದು ಸತ್ತಿತೆಂದು ಕಾಗೆ ಸೊರಗುತ್ತದೆ. ನಗು ಬರುತ್ತದೆ, ನಕ್ಕ ಮೇಲೆ ಎಲ್ಲಿಯೋ ಒಂದಿಷ್ಟು ಚುರುಕ್ಕೆನ್ನುತ್ತದೆ. ಕನ್ನಡದ ಅಜ್ಜಿಯರಿಗೂ ಪಂಜೆಯವರಿಗೂ ಗೊತ್ತಿದ್ದ ಈ ಹದ ಆಮೇಲೆ ನಮ್ಮ ಕೈತಪ್ಪಿತು. ಕೆಂಪು ಮಸಿಯ ಬಾಟಲು ಯಾರ ಕೈಯಲ್ಲಿತ್ತೆಂಬುದನ್ನು ಮೇಲೆ ಹೇಳಿದ್ದೇನೆ.

ಒಂದು ರಜೆಯಲ್ಲಿ ಆ ಕಾಗದದ ಕಥೆಯನ್ನು, ಮನೆಯ ಮಟ್ಟಿಗೆ, ಕನ್ನಡಿಸಲು ಕುಳಿತೆ. ಮೊದಲ ವಾಕ್ಯದಲ್ಲಿಯೇ ನೆಲಗಪ್ಪೆ ‘ವಿಷಣ್ಣವದನ’ವಾಯಿತು. ಇಪ್ಪತ್ತು ವರ್ಷ ಪಾಠ ಹೇಳಿದ ಫಲ! ಹೊಡೆದುಹಾಕಿ ‘ಮುಖ ಸಪ್ಪಗಿತ್ತು’ ಎಂದು ಬರೆಯಲು ಒಂದು ಲೋಟ ಕಾಫಿ ಬೇಕಾಯಿತು. ಆಮೇಲೆ ಇನ್ನೊಂದು ತೊಡಕು. ಇಂಗ್ಲಿಷಿನಲ್ಲಿ ಆ ಎರಡೂ ‘ಅವನು’. ಕನ್ನಡದಲ್ಲಿ ಕಪ್ಪೆ ‘ಬಂದಿತು’ ಎನ್ನಬೇಕೋ ‘ಬಂದನು’ ಎನ್ನಬೇಕೋ? ‘ಬಂದಿತು’ ಎಂದರೆ ಪ್ರಾಣಿಶಾಸ್ತ್ರವಾಗುತ್ತದೆ, ‘ಬಂದನು’ ಎಂದರೆ ಪುರಾಣವಾಗುತ್ತದೆ. (ಈ ಲೇಖನದಲ್ಲಿಯೇ ನಾನು ಎರಡನ್ನೂ ಬೆರೆಸಿರುವುದನ್ನು ಜಾಣ ಓದುಗರು ಕಂಡಿರಬೇಕು.) ತೊಡಕನ್ನು ಬಿಡಿಸಿದವನು ತಂಗಿಯ ಮಗನೇ. ಗಟ್ಟಿಯಾಗಿ ಓದಿ ಹೇಳುತ್ತಿದ್ದಾಗ ನನ್ನನ್ನು ತಡೆದು, ಕಪ್ಪೆಯ ಮಾತನ್ನು ತಾನೇ ಹೇಳಿದ: “ಇನ್ನೂ ಸ್ವಲ್ಪ ಹೊತ್ತು ಕಾಯೋಣ ಕಣೋ.” ಆ ‘ಕಣೋ’ ಬಂದುದೇ ತಡ, ಕಪ್ಪೆ ‘ಅದು’ವೂ ಆಗಿ ಉಳಿಯಿತು, ಗೆಳೆಯನೂ ಆಯಿತು. ಲೋಬೆಲನಿಗೆ ಇಲ್ಲದ ಈ ಒಂದು ಅನುಕೂಲ ನಮ್ಮ ಭಾಷೆಗಿದೆ.

ಈ ವರ್ಷ ಅದೇ ಶಾಲೆಯವರು ಮತ್ತೆ ತೀರ್ಪುಗಾರನಾಗಿ ಕರೆದಿದ್ದಾರೆ. ಒಪ್ಪಿಕೊಂಡು, ಆ ಹುಡುಗಿಯ ವಿಷಯ ವಿಚಾರಿಸಿದೆ. ಅವಳು ಪ್ರೌಢಶಾಲೆಗೆಂದು ಬೇರೆ ಊರಿಗೆ ಹೋಗಿ ಎರಡು ವರ್ಷವಾಯಿತಂತೆ. ಹಳೆಯ ಕಾಗದಗಳನ್ನು ಯಾರೂ ಇಟ್ಟಿಲ್ಲ. ಕೆರೆಯ ದಂಡೆಯ ಮೇಲೆ ಅಳಿಲು ಏನು ತಿನ್ನುತ್ತ ಕಾದಿತ್ತೆಂದು ಅವಳು ಬರೆದಿದ್ದಳು. ನೇರಳೆಹಣ್ಣೋ, ಹುಣಿಸೆಯ ಚಿಗುರೋ, ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ.