ಕಿಳ್ಳೇಕ್ಯಾತನ ಕಾಲಹರಣ

ತೊಗಲುಗೊಂಬೆಯ ತೆರೆಯ ಮೇಲೆ ಕಿಳ್ಳೇಕ್ಯಾತನಿಗೂ ಅವನ ಹೆಂಡತಿ ಬಂಗಾರಕ್ಕನಿಗೂ ಸಲ್ಲತಕ್ಕ ಕಾಲವೆಷ್ಟು ಎಂಬ ಪ್ರಶ್ನೆಯನ್ನು ಸಾಹಿತ್ಯಪತ್ರಿಕೆಯೊಂದರಲ್ಲಿ ಎತ್ತುವುದು ಕೆಲವು ವಾಚಕ ಮಹಾಶಯರಿಗೆ ಹುಡುಗಾಟವಾಗಿ ತೋರಬಹುದು. ಹುಡುಗರ ಸಂಗತಿಯಾದುದರಿಂದಲೇ ದೊಡ್ಡವರು ಇದನ್ನು ವಿಚಾರಿಸತಕ್ಕದ್ದೆಂದು ನನ್ನ ಅಭಿಪ್ರಾಯ. ಮಕ್ಕಳ ಮುಂದೆ ಗೊಂಬೆಯಾಟವನ್ನು ಏರ್ಪಡಿಸುವವರಲ್ಲಿ ಈಚೆಗೆ ಒಂದು ಮಾತು ರೂಢಿಯಾಗುತ್ತಲಿದೆ: ನಮಗಿರುವುದು ಅರ್ಧ ಗಂಟೆ, ಬಹಳವಾದರೆ ಮುಕ್ಕಾಲು ಗಂಟೆ, ಅಷ್ಟರಲ್ಲಿ ರಾಮಾಯಣದ ಕಥೆ ಮುಗಿಯಬೇಕು, ಆದಕಾರಣ ಕಿಳ್ಳೇಕ್ಯಾತನನ್ನು ಬಿಟ್ಟುಬಿಡಿರಿ, ಅವನದು ಬರಿಯ ಕಾಲಹರಣ. ಕಾಲಹರಣವೆಂಬ ಮಾತನ್ನು ನಾನೂ ಒಪ್ಪುವೆನು. ಹರಣವಾಗಿರುವುದು ಅವನ ಕಾಲ. ಹರಣಮಾಡಿದವರು ಮಾತ್ರ ಬೇರೆ.

ಮೇಗುಂದದವರಾದ ನಮಗೆ ಯಕ್ಷಗಾನದ ಬಳಕೆಯಿರುವಷ್ಟು ತೊಗಲುಗೊಂಬೆಯ ಬಳಕೆಯಿಲ್ಲ. ಘಟ್ಟದ ಕೆಳಗಿನ ಮೇಳಗಳು ಮೇಲೆ ಬಂದು ಕೊಪ್ಪ, ಶೃಂಗೇರಿಗಳ ಗದ್ದೆಬಯಲಿನಲ್ಲಿ ರಂಗಸ್ಥಳ ಹೂಡುವುದನ್ನು ಕಂಡು ಬೆಳೆದವರು ನಾವು. ತೊಗಲುಗೊಂಬೆ ಬಯಲುಸೀಮೆಯ ಸಂಪತ್ತು. ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿದ ತೊಗಲಿನ ಮೇಲೆ ರೂಪಗಳನ್ನು ಕೊರೆದು, ಬಣ್ಣ ತುಂಬಿ, ಬಿಳಿಯ ತೆರೆಯ ಹಿಂದೆ ದೀಪವಿರಿಸಿ ಆಡಿಸುವ ಈ ಆಟ ಹಿಂದೆ ರಾತ್ರಿಯೆಲ್ಲ ನಡೆಯುತ್ತಿದ್ದಿತು. ಮಳೆ ಹೋದ ವರ್ಷ ಊರವರು ಮಳೆ ಬರಲೆಂದೇ ಇದನ್ನು ಆಡಿಸುವುದುಂಟು. ಮೊದಲು ಗಣಪತಿ, ಸರಸ್ವತಿಯರ ಸ್ತುತಿ. ಅದರ ಬೆನ್ನಿಗೇ ಕಿಳ್ಳೇಕ್ಯಾತನ ಪ್ರವೇಶ: ಕಪ್ಪು ಮೈ, ಕೆದರಿದ ಕೂದಲು, ದಪ್ಪ ತುಟಿ, ಮುಂದಕ್ಕೆ ಬಂದ ಹೊಟ್ಟೆ. ಹಿಂದೆಯೇ ಬಂಗಾರಕ್ಕ. ಇವರಿಬ್ಬರ ಜಗಳ, ರಾಜಿ, ಕುಣಿತಗಳು ಮುಗಿದ ಬಳಿಕ ರಾಮಕಥೆಯೋ ಭಾರತಕಥೆಯೋ ಮೊದಲಾಗುವುದು. ಕಥೆಯ ನಡುವೆಯೂ ಆಗಾಗ ಇವರು ತಲೆಯಿಕ್ಕುವರು. ರಾಜರು ಘನವಾದ ಭಾಷೆಯನ್ನಾಡಿದರೆ ಇವರದು ಆ ಊರಿನ ಸಂತೆಯ ಮಾತು.

ಯಕ್ಷಗಾನವನ್ನು ಬಲ್ಲವರು ಈ ಸ್ಥಾನವನ್ನು ಕೂಡಲೆ ಗುರುತಿಸುವರು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಬರುವ ಪೂರ್ವರಂಗವೇ ಇದು. ಭರತಮುನಿಯೂ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ಪೂರ್ವರಂಗದ ಅಂಗಗಳನ್ನೆಣಿಸುವಾಗ ತ್ರಿಗತವೆಂಬುದೊಂದನ್ನು ಹೇಳಿರುವನು. ಸೂತ್ರಧಾರ, ಪಾರಿಪಾರ್ಶ್ವಿಕ, ವಿದೂಷಕ ಈ ಮೂವರ ಸಂಭಾಷಣೆಯದು. ವಿದೂಷಕನು ಅಸಂಬದ್ಧವಾಗಿ ಏನೇನೋ ಆಡಿ ಸೂತ್ರಧಾರನ ಮುಖದಲ್ಲಿ ನಗೆ ತರುವನು. ದೇವತಾಸ್ತುತಿಯ ಮಗ್ಗುಲಿನಲ್ಲಿಯೇ ನಗೆಗೆ ಪೀಠ ಹಾಕಿಸಿದವನು ಒಬ್ಬ ಮುನಿಯೆಂಬುದನ್ನು ನಮ್ಮ ವ್ಯವಸ್ಥಾಪಕ ಮಹನೀಯರು ನೆನೆಯಬೇಕು. ಜರ್ಮನಿಯ ಪಿಶೆಲ್ ಪಂಡಿತನು ೧೯೦೦ರಲ್ಲಿ, ಗೊಂಬೆಯಾಟದ ತವರು ಭಾರತವೆಂದೂ, ಯೂರೋಪಿನ ಗೊಂಬೆಯಾಟಗಳ ಹಾಸ್ಯಗಾರನು ನಮ್ಮ ವಿದೂಷಕನ ವಂಶದವನೆಂದೂ ವಾದಿಸಿದನು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ. ನಾನೂ ಅದರ ಮೇಲೆ ಮನೆ ಕಟ್ಟಹೊರಟಿಲ್ಲ. ಮನೆಗೆ ಭರತನ ತಳಪಾಯವೇ ಸಾಕು.

ನಮ್ಮ ಸೀಮೆಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಬಯಲುಸೀಮೆಯ ಗೊಂಬೆಯವರನ್ನು ಕರೆಸಿದ್ದರು. ಸ್ವಾಗತಕ್ಕೆ ೧೦ ನಿಮಿಷ, ವರದಿಗೆ ೧೫, ಮುಖ್ಯ ಅತಿಥಿಗಳ ಭಾಷಣಕ್ಕೆ ೫೦. ಆಟಕ್ಕೆ ಉಳಿದುದು ೪೦. ಹಾಸ್ಯವನ್ನು ಮೊಟಕುಮಾಡಬೇಕೆಂದು ಮೊದಲೇ ಅಪ್ಪಣೆಯಾಗಿದ್ದಿತು. ಕಿಳ್ಳೇಕ್ಯಾತನು ೨ ನಿಮಿಷ ಕಾಣಿಸಿಕೊಂಡು, ಸೊಂಟವನ್ನೊಮ್ಮೆ ತಿರುಗಿಸಿ ಹೊರಟುಹೋದನು. ಮುಂದಿನ ಸಾಲಿನ ಮಕ್ಕಳು ಆಗತಾನೆ ಮೊಣಕಾಲೂರಿ ಎದ್ದು ಕುಳಿತಿದ್ದರು. ಬಳಿಕ ೩೮ ನಿಮಿಷ ವನವಾಸವೂ ಯುದ್ಧವೂ ಒಂದರ ಮೇಲೊಂದು ಬಿದ್ದುವು. ಮಕ್ಕಳು ಕಡಲೆಕಾಯಿ ತಿಂದರು. ಇದರಲ್ಲಿ ಆಶ್ಚರ್ಯವಿಲ್ಲ. ದೇವತೆಗಳ, ರಾಜರ ದೊಡ್ಡ ಗೊಂಬೆಗಳಲ್ಲಿ ಅನೇಕವು ಒಂದೇ ತೊಗಲಿನ ಪಟಗಳು. ಗಾಂಭೀರ್ಯದಿಂದ ಬಂದು ನಿಲ್ಲುವುವು. ಕಿಳ್ಳೇಕ್ಯಾತನ ಕೈಕಾಲುಗಳಾದರೋ ಬೇರೆ ಬೇರೆ ತುಂಡುಗಳಾಗಿ ಕೂಡಿಸಿದವು; ಅವನು ಕುಣಿಯಬಲ್ಲನು. ಗೊಂಬೆಗೆ ಜೀವ ಬರುವುದೆಂಬುದನ್ನು ಮಗು ಮೊದಲು ನಂಬುವುದು ಅವನಲ್ಲಿ. ಅಲ್ಲಿ ನಂಬಿದ ಮಗುವೇ ಮುಂದೆ ಅಲುಗಾಡದ ರಾಮನನ್ನೂ ನಂಬುವುದು.

ಕಥೆ ಮುಖ್ಯ, ಹಾಸ್ಯ ಅಮುಖ್ಯವೆನ್ನುವವರಿಗೆ ಕಾಳಿದಾಸನನ್ನು ತೋರಿಸುವೆನು. ಶಾಕುಂತಲದಿಂದ ಮಾಧವ್ಯನನ್ನು ತೆಗೆದುಬಿಡಿರಿ; ಕಾಲವೇನೋ ಉಳಿಯುವುದು. ಆದರೆ ಎರಡನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆಯ ವಿಷಯವೆಲ್ಲ ಬರಿಯ ಪರಿಹಾಸವೆಂದು ಹೇಳಿ ಊರಿಗೆ ಕಳುಹಿಸುವುದು ಯಾರನ್ನು? ಐದನೆಯ ಅಂಕದಲ್ಲಿ ಆಕೆ ಆಸ್ಥಾನಕ್ಕೆ ಬರುವ ಮುನ್ನ ಹಂಸಪದಿಕೆಯನ್ನು ಸಂತೈಸಲು ಹೊರಗೆ ಹೋಗುವವನು ಯಾರು? ಸಾಕ್ಷಿಯೆಲ್ಲಿದ್ದಾನೆಂದು ಕೇಳದಂತೆ ಕವಿ ವಿದೂಷಕನಿಂದಲೇ ಕಥೆಯ ಗಂಟನ್ನು ಬಿಗಿದಿರುವನು. ಮೃಚ್ಛಕಟಿಕದಲ್ಲಿ ಮೈತ್ರೇಯನ ಕಂಕುಳಿನಿಂದ ಒಡವೆಗಳು ಬೀಳದಿದ್ದರೆ ಚಾರುದತ್ತನಿಗೆ ಮರಣದಂಡನೆಯೇ ಇಲ್ಲ. ಭವಭೂತಿಯ ನಾಟಕಗಳಲ್ಲಿ ವಿದೂಷಕನಿಲ್ಲವಲ್ಲಾ ಎಂದು ಬಲ್ಲವರಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಆ ಕರುಣರಸದ ಕವಿಯೂ ಉತ್ತರರಾಮಚರಿತದ ನಾಲ್ಕನೆಯ ಅಂಕವನ್ನು ಮೊದಲುಮಾಡುವಾಗ ಸೌಧಾತಕಿಯೆಂಬ ವಟುವನ್ನು ತಂದು, ವಸಿಷ್ಠರಂಥವರನ್ನೇ ಕುರಿತು ಕುಚೋದ್ಯವಾಡಿಸಿರುವನು. ಹೆಸರು ಬೇರೆಯಾಯಿತು, ಕೆಲಸ ತಪ್ಪಲಿಲ್ಲ.

ಇನ್ನು ಅಶ್ಲೀಲದ ಆಕ್ಷೇಪ. ರಾತ್ರಿಯ ಆಟದಲ್ಲಿ, ವಯಸ್ಕರ ಮುಂದೆ, ಈ ದಂಪತಿಗಳ ಮಾತು ಕೆಲವೆಡೆ ಹದ್ದು ಮೀರುವುದುಂಟೆಂಬುದನ್ನು ನಾನು ಮರೆಮಾಚುವುದಿಲ್ಲ. ಮಕ್ಕಳ ಮುಂದೆ ಆ ಮಾತುಗಳು ಬೇಡ. ಮಾತನ್ನು ತಿದ್ದುವುದು ಒಂದು, ಆಡುವವನನ್ನೇ ತೆರೆಯಿಂದಟ್ಟುವುದು ಇನ್ನೊಂದು. ಸಭೆಯನ್ನರಿತು ಮಾತನಾಡುವುದು ಗೊಂಬೆಯವನಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಅವನಿಗೆ ಹೇಳಿದರೆ ಸಾಕು. ಮನೆಯಲ್ಲಿ ಇದೇ ಮಕ್ಕಳು ಗಂಟೆಗಟ್ಟಲೆ ನೋಡುವ ಚಿತ್ರಗಳಲ್ಲಿ ಒಬ್ಬರನ್ನೊಬ್ಬರು ಬಡಿಯುವುದನ್ನೂ ಮಲೆಯಿಂದ ನೂಕುವುದನ್ನೂ ಯಾವ ಸಮಿತಿಯೂ ಅಳೆದು ನೋಡಿದಂತಿಲ್ಲ.

ಕಾಲವನ್ನು ಹಂಚುವುದರಲ್ಲಿ ಇನ್ನೊಂದು ಬಗೆಯ ಅನ್ಯಾಯವೂ ಉಂಟು. ಅದಕ್ಕೆ ಹೊರದೇಶದ ಉದಾಹರಣೆಯಿದೆ. ಅಮೆರಿಕದಲ್ಲಿ ೧೯೬೯ರಲ್ಲಿ ಮಕ್ಕಳಿಗಾಗಿ ಸೆಸಮಿ ಸ್ಟ್ರೀಟ್ ಎಂಬ ಗೊಂಬೆಗಳ ಕಾರ್ಯಕ್ರಮವನ್ನು ದೂರದರ್ಶನದಲ್ಲಿ ಆರಂಭಿಸಿದರು. ಅವಧಿ ಒಂದು ಗಂಟೆ. ಕೆರ್ಮಿಟ್ ಎಂಬ ಕಪ್ಪೆ, ದೊಡ್ಡದೊಂದು ಹಳದಿ ಹಕ್ಕಿ, ಗ್ರೋವರ್ ಎಂಬ ನೀಲಿಯ ಪ್ರಾಣಿ ಮುಂತಾದುವು ಅದರ ಹಳೆಯ ಪಾತ್ರಗಳು. ನೋಡುವ ಮಕ್ಕಳ ವಯಸ್ಸು ಇಳಿಯುತ್ತ ಬಂದಿತು. ಎರಡು ವರ್ಷದ ಕೂಸುಗಳು ಗಂಟೆಯ ಹೊತ್ತು ಕುಳಿತಿರಲಾರವಲ್ಲವೆ? ಹಾಗಾಗಿ ೧೯೯೮ರಲ್ಲಿ ಕಡೆಯ ಕಾಲುಗಂಟೆಯನ್ನು ಎಲ್ಮೋ ಎಂಬ ಕೆಂಪು ಗೊಂಬೆಯೊಂದಕ್ಕೇ ಬಿಟ್ಟುಕೊಟ್ಟರು. ೨೦೦೪ರಲ್ಲಿ ಕೆರ್ಮಿಟ್‌ನ ಒಡೆತನ ಡಿಸ್ನಿ ಕಂಪೆನಿಗೆ ಹೋಯಿತು. ಬಳಿಕ ಆ ಬೀದಿಯಲ್ಲಿ ಅವನ ದರ್ಶನ ಅಪರೂಪವಾಯಿತು. ೨೦೧೬ರಲ್ಲಿ ಗಂಟೆಯೇ ಅರ್ಧ ಗಂಟೆಯಾಯಿತು. ಅಲ್ಲಿ ಒಬ್ಬನ ಕಾಲ ಹಿಗ್ಗಿದುದು ಪ್ರೇಕ್ಷಕರ ವಯಸ್ಸಿನಿಂದ, ಇನ್ನೊಬ್ಬನದು ಕುಗ್ಗಿದುದು ಕ್ರಯಪತ್ರದಿಂದ. ಅಲ್ಲಿಯವರು ಇಷ್ಟನ್ನಾದರೂ ಲೆಕ್ಕವಿಟ್ಟು ವಾದಿಸುವರು. ಅದರದೇ ಮಾದರಿಯಲ್ಲಿ ನಮ್ಮ ದೇಶದಲ್ಲಿ ೨೦೦೬ರಲ್ಲಿ ಹಿಂದಿಯ ಗಲಿ ಗಲಿ ಸಿಮ್ ಸಿಮ್ ಬಂದಿತು. ಚಮ್ಕಿಯೆಂಬ ಹುಡುಗಿಯೂ ಬೂಂಬಾ ಎಂಬ ಸಿಂಹವೂ ಅದರ ಗೊಂಬೆಗಳು. ೨೦೦೯ರಲ್ಲಿ ಕನ್ನಡದ ಮಕ್ಕಳಿಗೆಂದೇ ಚಿಂಟು ವಾಹಿನಿ ಹುಟ್ಟಿತು. ಅದರಲ್ಲಿ ಅನ್ಯದೇಶದ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಿದುವೇ ಹೆಚ್ಚು. ಕಿಳ್ಳೇಕ್ಯಾತನನ್ನು ಯಾರೂ ಕೊಂಡಿಲ್ಲ, ಅವನಿಗೆ ಒಡೆಯನಿಲ್ಲ. ಅವನ ಕಾಲವನ್ನು ಕತ್ತರಿಸುವವನು ಯಾರಿಗೂ ಉತ್ತರ ಹೇಳಬೇಕಾಗಿಲ್ಲವೆಂಬುದೂ ಅದರಿಂದಲೇ.

ಒಡೆಯನಿಲ್ಲದಿದ್ದರೂ ಅವನಿಗೆ ನಂಟರಿರುವರು. ಈ ಆಟವನ್ನು ಆಡಿಸುವ ಜನರ ಹೆಸರೇ ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದು; ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೂ ಆ ಹೆಸರಿದೆ. ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನಾಡುವ ಈ ಜನರು ತೆರೆಯ ಹಿಂದೆ ನಿಂತು ಕನ್ನಡದಲ್ಲಿ ರಾಮನನ್ನೂ ರಾವಣನನ್ನೂ ಆಡಿಸುವರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ವೃದ್ಧ ಕಲಾವಿದೆಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಪತ್ರಿಕೆಗಳು ಸಂತೋಷಪಟ್ಟುವು, ನಾವೂ ಪಟ್ಟೆವು. ದೆಹಲಿಯ ಪ್ರಶಸ್ತಿಯಲ್ಲಿ ಶೋಭಿಸಿದ ಹೆಸರು ನಮ್ಮ ಶಾಲೆಯ ತೆರೆಯ ಮೇಲೆ ಬಂದರೆ ಮಾತ್ರ ಅಸಭ್ಯವೆ? ನಿಮ್ಮ ಹೆಸರನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬನ್ನಿರೆಂದು ಅತಿಥಿಗೆ ಹೇಳುವುದು ಮಲೆನಾಡಿನವರ ಸಂಪ್ರದಾಯವಲ್ಲ.

ಕಾಲ ಕಡಿಮೆಯಾಗಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿಯೆಲ್ಲ ಕುಳಿತು ನೋಡುವ ಜನ ಯಕ್ಷಗಾನಕ್ಕೇ ಕಡಿಮೆಯಾದರು. ಕಾಲಮಿತಿಯ ಆಟಗಳು ಬಂದುವು. ೨೦೨೨ರಲ್ಲಿ ಕಟೀಲಿನ ಮೇಳಗಳೂ ಅವಧಿಯನ್ನು ಮಿತಗೊಳಿಸಿದುವು. ಕಾಲಮಿತಿಯ ಆಟಗಳಲ್ಲಿ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಎಳೆಯ ಹುಡುಗರು ಕೋಡಂಗಿ, ಬಾಲಗೋಪಾಲರಾಗಿ ಹೆಜ್ಜೆ ಕಲಿಯುತ್ತಿದ್ದ ಜಾಗವದು. ಅದನ್ನು ಕತ್ತರಿಸಿ, ಹೊಸ ವೇಷಧಾರಿಗಳು ಬರುತ್ತಿಲ್ಲವೆಂದು ಸಭೆ ಸೇರಿ ವ್ಯಸನಪಡುವರು!

ಕತ್ತರಿಸಲೇಬೇಕಾದರೆ ಕಥೆಯನ್ನು ಕತ್ತರಿಸಿರಿ. ಇಡೀ ರಾಮಾಯಣವನ್ನು ಮುಕ್ಕಾಲು ಗಂಟೆಯಲ್ಲಿ ಓಡಿಸಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಗುಜರಾತಿನ ಅಣಹಿಲಪಾಟಕದಲ್ಲಿ ೧೨೪೩ರಲ್ಲಿ ಪ್ರಯೋಗಗೊಂಡ ಸುಭಟನ ದೂತಾಂಗದವೆಂಬ ಛಾಯಾನಾಟಕವು ಅಂಗದನ ಸಂಧಾನವೊಂದನ್ನೇ ಹಿಡಿದು ಮುಗಿಯುವುದು. ಅಂತೆಯೇ ಒಂದು ಪ್ರಸಂಗ ಸಾಕು. ಮಕ್ಕಳು ಮಿಕ್ಕ ಕಥೆಯನ್ನು ಅಜ್ಜಿಯಿಂದ ಕೇಳಬಹುದು, ಪುಸ್ತಕದಲ್ಲಿ ಓದಬಹುದು. ಕಿಳ್ಳೇಕ್ಯಾತನು ಮಾತ್ರ ಪುಸ್ತಕದಲ್ಲಿ ಸಿಕ್ಕುವವನಲ್ಲ, ದೀಪವಾರಿದರೆ ಅವನಿಲ್ಲ.

ಬರುವ ಉತ್ಸವಕಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಶಾಲೆಯವರು ಗೊಂಬೆಯವರಿಗೆ ಕಾಗದ ಬರೆಯುವಾಗ ಇಷ್ಟನ್ನು ಸೇರಿಸಿದರೆ ಸಾಕು: ಆಟ ಒಂದು ಗಂಟೆ, ಅದರಲ್ಲಿ ೧೫ ನಿಮಿಷ ಕಿಳ್ಳೇಕ್ಯಾತ ಬಂಗಾರಕ್ಕರದು, ಅದನ್ನು ಮೊದಲಿಗೂ ನಡುವಿಗೂ ಹೇಗೆ ಹಂಚುವುದೆಂಬುದು ಆಡಿಸುವವರ ಇಷ್ಟ. ಮುಖ್ಯ ಅತಿಥಿಗಳಿಗೆ ಮಾತ್ರ ಬೇರೆ ಕಾಗದ ಬರೆಯಬೇಕಾಗುವುದು.