ಹೆಸರು ಕೇಳಿದರೆ ಬೇಸರ ಬೇಡ

ಕಳೆದ ತಿಂಗಳು ಉಪ್ಪಳದ ನಮ್ಮ ಸಂಬಂಧಿಕರೊಬ್ಬರು ಮಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಮನೆಗೆ ಬಂದರು. ನೋಡಲು ಹೋದಾಗ ಕಾಯಿಲೆಯ ಮಾತಿಗಿಂತ ಸಿಸ್ಟರ್‌ಗಳ ಮೇಲಿನ ದೂರೇ ಜಾಸ್ತಿ ಇತ್ತು. "ಬೆಳಿಗ್ಗೆ ಮರ್ದ್ ತರುವಾಗ ಪೇರ್ ಕೇಳ್ತಾಳೆ. ಮಧ್ಯಾಹ್ನ ಪುನಃ ಕೇಳ್ತಾಳೆ. ರಾತ್ರಿ ಅವಳೇ ಬಂದು ಪುನಃ ಕೇಳ್ತಾಳೆ. ನಾಲ್ಕು ದಿನದಲ್ಲಿ ಒಂದು ಹೆಸರು ನೆನಪಿಡಲಿಕ್ಕೆ ಆಗದವರು ಎಂತ ಕಲಿತು ಬಂದದ್ದು?" ಎಂದು ಅವರ ಮಗ ಕೇಳಿದ. ಕೂತಿದ್ದವರೆಲ್ಲ ನಕ್ಕರು.

ನನಗೆ ನಗು ಬರಲಿಲ್ಲ. ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಮದ್ದು ಕೊಡುವ ಮೊದಲು ಪ್ರತಿ ಸಲವೂ ಹೆಸರು ಕೇಳಬೇಕೆಂದು ಹುಡುಗಿಯರ ತಲೆಗೆ ತುಂಬುವವರಲ್ಲಿ ನಾನೂ ಒಬ್ಬಳು. ಯಾಕೆಂದು ಆ ದಿನ ಅಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನಾಗ ಮೂರನೇ ವರ್ಷದ ವಿದ್ಯಾರ್ಥಿನಿ. ಹೆಂಗಸರ ವಾರ್ಡಿನಲ್ಲಿ ಪೋಸ್ಟಿಂಗ್. ಅಲ್ಲಿ ಇಬ್ಬರು ಬೀಫಾತಿಮ್ಮ ಇದ್ದರು. ಇಬ್ಬರಿಗೂ ಅರವತ್ತು ದಾಟಿತ್ತು, ಇಬ್ಬರೂ ನಮ್ಮವರೇ, ಮಂಚಗಳ ನಡುವೆ ಒಂದೇ ಮಂಚದ ಅಂತರ. ಒಬ್ಬರು ಕಾಲಿನ ಗಾಯಕ್ಕೆ ಬಂದ ಸಕ್ಕರೆ ಕಾಯಿಲೆಯವರು. ಇನ್ನೊಬ್ಬರಿಗೆ ಜ್ವರ, ಕೆಮ್ಮು, ಶುಗರ್ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ಇನ್ಸುಲಿನ್ ಕೊಡುವ ಹೊತ್ತು. ನನ್ನ ಜೊತೆ ಇರಬೇಕಾಗಿದ್ದ ಸೀನಿಯರ್ ಸಿಸ್ಟರ್ ಇನ್ನೊಂದು ರೋಗಿಯ ಹತ್ತಿರ ಓಡಿದ್ದರು. ಅವರು ಬರುವವರೆಗೆ ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ. ಟ್ರೇ ಹಿಡಿದುಕೊಂಡು ಹೋಗಿ "ಬೀಫಾತಿಮ್ಮ ಅಲ್ವಾ?" ಎಂದು ಕೇಳಿದೆ. "ಹೂಂ ಮಗಳೇ" ಎಂದು ಅವರು ತೋಳು ಚಾಚಿದರು. ಸೂಜಿ ಹಾಕಿದೆ.

ಹತ್ತು ನಿಮಿಷ ಆಗಿರಬಹುದು. ಆಚೆಯ ಮಂಚದಿಂದ ಕಾಲಿಗೆ ಬ್ಯಾಂಡೇಜ್ ಕಟ್ಟಿದ ಬೀಫಾತಿಮ್ಮ ಕರೆದು ಕೇಳಿದರು: "ಮಗಳೇ, ನನ್ನ ಸೂಜಿ ಇವತ್ತು ಇಲ್ವಾ?"

ಆ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿ ಇದೆ.

ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಓಡಿ ಹೋಗಿ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ಮೊದಲು ರೋಗಿ, ಆಮೇಲೆ ನೀನು" ಎಂದಷ್ಟೇ ಹೇಳಿ ಡಾಕ್ಟರನ್ನು ಕರೆಸಿದರು. ಅರ್ಧ ಗಂಟೆಗೊಮ್ಮೆ ಬೆರಳು ಚುಚ್ಚಿ ಶುಗರ್ ನೋಡಿದೆವು. ಒಂದು ಹೊತ್ತಿನಲ್ಲಿ 58ಕ್ಕೆ ಇಳಿಯಿತು. ಅವರ ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ನರಕ್ಕೆ ಗ್ಲುಕೋಸ್ ಕೊಟ್ಟರು. ಇನ್ಸುಲಿನ್‌ನ ಕೆಲಸ ಮುಗಿಯುವವರೆಗೆ, ಅಂದರೆ ಸಂಜೆಯವರೆಗೂ, ನಾನು ಆ ಮಂಚದ ಪಕ್ಕದಿಂದ ಏಳಲಿಲ್ಲ. ದೇವರ ದಯೆ, ಅವರಿಗೆ ಏನೂ ಆಗಲಿಲ್ಲ.

ನರ್ಸಿಂಗಿನಲ್ಲಿ ಮೊದಲ ವರ್ಷವೇ ಐದು "ಸರಿ"ಗಳನ್ನು ಕಲಿಸುತ್ತಾರೆ. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ದಾರಿ ಎಂದರೆ ಬಾಯಿಗೋ, ಸ್ನಾಯುವಿಗೋ, ನರಕ್ಕೋ, ಚರ್ಮದ ಅಡಿಗೋ ಎಂಬುದು. ಆ ದಿನ ನಾನು ಕೊಟ್ಟ ಮದ್ದು ಸರಿ ಇತ್ತು, ಪ್ರಮಾಣ ಸರಿ, ದಾರಿ ಸರಿ, ಹೊತ್ತೂ ಸರಿ. ಐದರಲ್ಲಿ ನಾಲ್ಕು ಸರಿ. ಪರೀಕ್ಷೆಯಲ್ಲಿ ಅದಕ್ಕೆ ನೂರಕ್ಕೆ ಎಂಬತ್ತು ಅಂಕ ಸಿಗುತ್ತದೆ. ವಾರ್ಡಿನಲ್ಲಿ ಅಂಥ ಲೆಕ್ಕ ಇಲ್ಲ.

ತಪ್ಪು ಎಲ್ಲಿ ಆಯಿತು ನೋಡಿ. ನಾನು "ನಿಮ್ಮ ಹೆಸರೇನು?" ಎಂದು ಕೇಳಲಿಲ್ಲ. "ಬೀಫಾತಿಮ್ಮ ಅಲ್ವಾ?" ಎಂದು ಕೇಳಿದೆ. ಕಿವಿ ಮಂದವಾದ, ನಿದ್ದೆಗಣ್ಣಿನ, ಸಂಕೋಚದ ಹೆಂಗಸು ಯಾವ ಹೆಸರಿಗಾದರೂ "ಹೂಂ" ಎನ್ನುತ್ತಾಳೆ. ಇಲ್ಲಿ ಹೆಸರೂ ಒಂದೇ ಆಗಿತ್ತು. ಅದಕ್ಕೇ ನಿಯಮ ಇರುವುದು: ಹೆಸರನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಜೊತೆಗೆ ಇನ್ನೊಂದು ಗುರುತು, ಕೈಯ ಪಟ್ಟಿಯಲ್ಲಿರುವ ಆಸ್ಪತ್ರೆ ನಂಬರೋ ಹುಟ್ಟಿದ ದಿನವೋ, ಕೇಸ್‌ಶೀಟಿನ ಜೊತೆ ತಾಳೆಯಾಗಬೇಕು. ಮಂಚದ ನಂಬರು ಗುರುತಲ್ಲ. ಮಂಚ ಇದ್ದಲ್ಲೇ ಇರುತ್ತದೆ, ರೋಗಿ ಬದಲಾಗುತ್ತಾರೆ. ಇನ್ಸುಲಿನ್‌ನಂಥ ಅಪಾಯದ ಮದ್ದಾದರೆ ಇಬ್ಬರು ಬೇರೆ ಬೇರೆಯಾಗಿ ನೋಡಿ ಒಪ್ಪಿಕೊಳ್ಳಬೇಕು.

ಈ ನಿಯಮ ಎಲ್ಲರಿಗೂ ಬೇಕು, ನಮಗೆ ಸ್ವಲ್ಪ ಹೆಚ್ಚೇ ಬೇಕು. ನಮ್ಮ ಹೆಸರುಗಳನ್ನೇ ನೋಡಿ. ಒಂದು ವಾರ್ಡಿನಲ್ಲಿ ಎಷ್ಟು ಮಂದಿ ಮುಹಮ್ಮದ್, ಅಬ್ದುಲ್ಲ, ಆಯಿಶಾ, ಖದೀಜಾ, ಮರಿಯಮ್ಮ! ಅದರ ಮೇಲೆ ಗಡಿಯ ಈಚೆಯ ನಮ್ಮ ಪಾಡು ಬೇರೆ. ಮಂಜೇಶ್ವರ, ಉಪ್ಪಳ, ಕುಂಬಳೆಯವರು ದೊಡ್ಡ ಕಾಯಿಲೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಆಧಾರ್ ಕಾರ್ಡಿನಲ್ಲಿ ಹೆಸರು ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಶಾಲೆಯ ದಾಖಲೆಯಲ್ಲಿ ಕನ್ನಡ. ಮನೆಯಲ್ಲಿ ಕರೆಯುವುದು ಬ್ಯಾರಿಯಲ್ಲಿ. ಒಂದೇ ಹೆಂಗಸು ಒಂದು ಕಡೆ ಬೀಫಾತಿಮ್ಮ, ಇನ್ನೊಂದು ಕಡೆ ಬಿ. ಫಾತಿಮಾ, ಮತ್ತೊಂದು ಕಡೆ ಬರೀ ಫಾತಿಮಾ. ಆಸ್ಪತ್ರೆಯ ಕೌಂಟರಿನಲ್ಲಿ ಅವಸರದಲ್ಲಿ ಹೇಳಿದ ಹೆಸರು ಹಳೆಯ ಫೈಲಿನ ಹೆಸರಿಗೆ ತಾಳೆಯಾಗದಿದ್ದರೆ, ಅವಳಿಗೆ ಯಾವ ಮದ್ದು ಅಲರ್ಜಿ ಎಂದು ಹಿಂದೆ ಬರೆದಿಟ್ಟ ಸಾಲು ಹಳೆಯ ಫೈಲಿನಲ್ಲೇ ಉಳಿಯುತ್ತದೆ. ಹೊಸ ಫೈಲು ಖಾಲಿ.

"ಇದೆಲ್ಲ ಅವರ ಕೆಲಸ. ಬಿಲ್ ಕೊಡುವುದಿಲ್ವಾ ನಾವು? ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?" ಎಂದು ಕೆಲವರು ಕೇಳುತ್ತಾರೆ. ಕೆಲಸ ಅವರದೇ, ಸಂಶಯವಿಲ್ಲ. ಮದ್ದು ತಪ್ಪಿದರೆ ಜವಾಬು ಕೊಡಬೇಕಾದವರೂ ಆಸ್ಪತ್ರೆಯವರೇ. ಆದರೆ ಮದ್ದು ಹೋಗುವುದು ನಮ್ಮ ಉಮ್ಮನ ಮೈಗೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮದ್ದಿನಿಂದಾಗುವ, ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕೆಂದು ಜಗತ್ತಿಗೆಲ್ಲ ಕರೆ ಕೊಟ್ಟಾಗ, ಡಾಕ್ಟರ್ ಮತ್ತು ನರ್ಸ್‌ಗಳ ಜೊತೆಗೆ ರೋಗಿ ಮತ್ತು ಮನೆಯವರನ್ನೂ ಆ ಕೆಲಸಕ್ಕೆ ಸೇರಿಸಿತು. ಸುಮ್ಮನೆ ಸೇರಿಸಿದ್ದಲ್ಲ. ಸಿಸ್ಟರ್ ಪಾಳಿಗೆ ಒಬ್ಬರು ಬದಲಾಗುತ್ತಾರೆ. ಮಂಚದ ಪಕ್ಕ ಮೂರು ಹೊತ್ತೂ ಕೂತಿರುವವರು ಮನೆಯವರು ಮಾತ್ರ.

ಇನ್ನು ಮನೆಯಲ್ಲಿ? ಅಲ್ಲಿ ಸಿಸ್ಟರ್ ಇಲ್ಲ, ಐದು "ಸರಿ" ನೋಡುವವರೂ ಇಲ್ಲ. ನಮ್ಮ ಮನೆಗಳಲ್ಲಿ ಫ್ರಿಜ್ಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ ಇರುತ್ತದೆ. ಅದರಲ್ಲಿ ಇಲ್ಲಿನ ಮಾತ್ರೆಯೂ ಉಂಟು, ಗಲ್ಫಿನಿಂದ ಬಂದ ಮಾತ್ರೆಯೂ ಉಂಟು. ಬಾಪನಿಗೆ ಮೈಕೈ ನೋವು ಎಂದು ಮಗ ಪನಡಾಲ್ ತಂದಿರುತ್ತಾನೆ. ಡಾಕ್ಟರ್ ಜ್ವರಕ್ಕೆ ಡೋಲೋ ಬರೆದಿರುತ್ತಾರೆ. ಎರಡೂ ಒಂದೇ ಪ್ಯಾರಸಿಟಮಾಲ್. ಶೀತಕ್ಕೆ ತೆಗೆದುಕೊಳ್ಳುವ ಹಲವು ಮಾತ್ರೆಗಳಲ್ಲೂ ಅದೇ ಇರುತ್ತದೆ. ಹೆಸರು ಬೇರೆ, ಬಣ್ಣ ಬೇರೆ ಎಂದು ಮೂರನ್ನೂ ನುಂಗಿದರೆ ಪೆಟ್ಟು ಬೀಳುವುದು ಲಿವರಿಗೆ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಎಂಬುದು ದಾಟಬಾರದ ಮಿತಿ.

ಇನ್ಸುಲಿನ್ ಕಥೆ ಇದಕ್ಕಿಂತ ಅಪಾಯದ್ದು. ನಮ್ಮ ಮೆಡಿಕಲ್‌ಗಳಲ್ಲಿ ಸಿಗುವ ಹಲವು ಇನ್ಸುಲಿನ್ ಬಾಟಲಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಗಲ್ಫಿನಿಂದ ಬರುವ ಬಾಟಲಿಯಲ್ಲಿ 100 ಯೂನಿಟ್. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಗಲ್ಫಿನ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದದ್ದು 20 ಅಲ್ಲ, 50 ಯೂನಿಟ್. ಕೊಡುವವರ ಕೈಯಲ್ಲಿ ತಪ್ಪಿಲ್ಲ, ಕಣ್ಣಲ್ಲಿ ತಪ್ಪಿಲ್ಲ, ಗೆರೆ ಸರಿಯಾಗಿಯೇ ಓದಿದ್ದಾರೆ. ಆದರೂ ಎರಡೂವರೆ ಪಟ್ಟು ಮದ್ದು ಹೋಯಿತು. ಬಾಟಲಿಯ ಮೇಲಿನ ಅಂಕೆ ಮತ್ತು ಸಿರಿಂಜಿನ ಮೇಲಿನ ಅಂಕೆ ಒಂದೇ ಇದೆಯಾ ಎಂದು ನೋಡದೆ ಎಳೆಯಬೇಡಿ.

ಕೊಟ್ಟ ಮೇಲೆ ನೋಡುವುದೂ ಮದ್ದಿನ ಭಾಗವೇ. ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದನ್ನೇ: ಚಾರ್ಟಿನಲ್ಲಿ ಸಹಿ ಹಾಕಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಊಟಕ್ಕೆ ಮೊದಲು ಇನ್ಸುಲಿನ್ ಕೊಟ್ಟರೆ ಊಟ ಹೊಟ್ಟೆಗೆ ಹೋಯಿತಾ ನೋಡಬೇಕು. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಮಾತು ತಡವರಿಸುವುದು ಕಂಡರೆ ಶುಗರ್ ಇಳಿದಿದೆ ಎಂದು ತಿಳಿಯಬೇಕು. ಎಚ್ಚರ ಇದ್ದರೆ ಮೂರು ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಪುನಃ ಶುಗರ್ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಹೊಸ ಮದ್ದಿನ ನಂತರ ಮೈ ತುರಿಸಿದರೆ, ದದ್ದು ಎದ್ದರೆ, ಉಸಿರು ಕಟ್ಟಿದರೆ "ಸ್ವಲ್ಪ ನೋಡುವಾ" ಎಂದು ಕಾಯಬೇಡಿ. ರಂಝಾನಿನಲ್ಲಿ ಬೆಳಿಗ್ಗೆ ಮತ್ತು ರಾತ್ರಿಯ ಮಾತ್ರೆಯನ್ನು ನಾವೇ ಸಹರಿಗೂ ಇಫ್ತಾರಿಗೂ ಹಂಚಿಕೊಂಡು ಬಿಡುತ್ತೇವೆ. ಅದನ್ನು ತಿಂಗಳ ಮೊದಲೇ ಡಾಕ್ಟರ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ. ಉಪವಾಸದಲ್ಲಿ ಶುಗರ್ 70ಕ್ಕಿಂತ ಕೆಳಗೆ ಬಂದರೆ, 300ಕ್ಕಿಂತ ಮೇಲೆ ಹೋದರೆ ಉಪವಾಸ ಬಿಡಬೇಕೆಂದು ವೈದ್ಯರು ಹೇಳುತ್ತಾರೆ.

ಈಗ ನನ್ನ ಕಥೆಯಲ್ಲಿ ಬಾಕಿ ಇಟ್ಟಿದ್ದನ್ನು ಹೇಳಬೇಕು. ಆ ಸಂಜೆ ಬೀಫಾತಿಮ್ಮನ ಮಗ ಬಂದಾಗ, "ಉಮ್ಮನಿಗೆ ಶುಗರ್ ಸ್ವಲ್ಪ ಇಳಿದಿತ್ತು, ಸರಿ ಮಾಡಿದ್ದೇವೆ" ಎಂದು ಆಸ್ಪತ್ರೆಯವರು ಹೇಳಿದರು. ಅದು ಸುಳ್ಳಲ್ಲ, ಸತ್ಯವೂ ಅಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಒಳಗಿನ ಪುಸ್ತಕದಲ್ಲಿ ಎಲ್ಲವನ್ನೂ ಬರೆಸಿದರು, ಅದು ಒಳಗೇ ಉಳಿಯಿತು. ಡಿಸ್ಚಾರ್ಜ್ ದಿನ ಆ ತಾಯಿ ನನ್ನ ತಲೆಯ ಮೇಲೆ ಕೈಯಿಟ್ಟು, ನನ್ನ ಹತ್ತಿರವೇ ಕೂತು ನೋಡಿಕೊಂಡ ಮಗು ಎಂದು ದುಆ ಮಾಡಿ ಹೋದರು. ಸೂಜಿ ತಪ್ಪಿದ್ದಕ್ಕೆ ನಾನು ನನ್ನನ್ನು ಕ್ಷಮಿಸಿಕೊಂಡಿದ್ದೇನೆ. ಆ ದುಆವನ್ನು ಸುಮ್ಮನೆ ತೆಗೆದುಕೊಂಡದ್ದಕ್ಕೆ ಆಗಿಲ್ಲ.

ಯಾಕೆ ಹೇಳಲಿಲ್ಲ? ಹೆದರಿಕೆ. ಕಾಲೇಜು ಬಿಡಿಸುತ್ತಾರೆ ಎಂದು, ಮನೆಯಲ್ಲಿ ಬಾಪನಿಗೆ ಗೊತ್ತಾಗುತ್ತದೆ ಎಂದು, ಆ ಮಗ ನಾಲ್ಕು ಜನ ಸೇರಿಸಿಕೊಂಡು ಬಂದು ಗಲಾಟೆ ಮಾಡುತ್ತಾನೆ ಎಂದು. ಹೆದರಿಕೆ ನನ್ನೊಬ್ಬಳದಲ್ಲ. ತಪ್ಪು ಒಪ್ಪಿಕೊಂಡವಳಿಗೆ ಮೆಮೊ ಕೊಟ್ಟು, ಮುಚ್ಚಿಟ್ಟವಳನ್ನು ಬಿಟ್ಟರೆ ಆಸ್ಪತ್ರೆಯಲ್ಲಿ ಎಲ್ಲರೂ ಮುಚ್ಚಿಡಲು ಕಲಿಯುತ್ತಾರೆ. ಸತ್ಯ ಹೇಳಿದ ಸಿಸ್ಟರ್ ಮೇಲೆ ನಾವು ಕೈ ಎತ್ತಿದರೆ ಮುಂದಿನ ಸಲ ನಮಗೂ ಸತ್ಯ ಸಿಗುವುದಿಲ್ಲ. ಹತ್ತು ನಿಮಿಷದಲ್ಲಿ ಹೇಳಿದ್ದಕ್ಕೆ ಆ ತಾಯಿ ಉಳಿದರು. ನಾನು ಒಂದು ಗಂಟೆ ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ನನಗೆ ಇಂದಿಗೂ ಧೈರ್ಯವಿಲ್ಲ. ಇವತ್ತು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಈ ಕಥೆ ಹೇಳುತ್ತೇನೆ. ತಪ್ಪಿದರೆ ಆ ಕ್ಷಣವೇ ಬಂದು ಹೇಳಿ, ನಿಮ್ಮ ಜೊತೆ ನಾನು ನಿಲ್ಲುತ್ತೇನೆ, ಮನೆಯವರಿಗೆ ಹೇಳುವಾಗಲೂ ನಿಲ್ಲುತ್ತೇನೆ ಎಂದು ಮಾತು ಕೊಡುತ್ತೇನೆ.

ನಮ್ಮ ಎಷ್ಟೋ ಮನೆಗಳಿಂದ ಈಗ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ಹೋಗುತ್ತಿದ್ದಾರೆ. ಸಂತೋಷ. ಅವರು ರಜೆಗೆ ಮನೆಗೆ ಬಂದಾಗ ಸಂಬಳ ಎಷ್ಟು, ಗಲ್ಫಿಗೆ ಯಾವಾಗ ಎಂದು ಮಾತ್ರ ಕೇಳಬೇಡಿ. ಮನೆಯ ಮದ್ದಿನ ಡಬ್ಬ ಅವರ ಮುಂದಿಟ್ಟು, "ಇದರಲ್ಲಿ ಯಾವುದು ಯಾರಿಗೆ, ಯಾವುದಕ್ಕೆ, ಒಂದು ಕಾಗದದಲ್ಲಿ ಬರೆದುಕೊಡು" ಎಂದು ಕೇಳಿ. ಅದರಲ್ಲಿ ಅಲರ್ಜಿಯನ್ನೂ, ಮನೆಮದ್ದನ್ನೂ ಬರೆಸಿ. ಮದ್ದಿನ ಹೆಸರನ್ನು ಇಂಗ್ಲಿಷಿನಲ್ಲೇ ಇರಲಿ, ಯಾವುದಕ್ಕೆ ಮತ್ತು ಯಾವಾಗ ಎಂಬುದನ್ನು ಉಮ್ಮನಿಗೆ ಓದಲು ಬರುವ ಅಕ್ಷರದಲ್ಲಿ ಬರೆಸಿ. ಆ ಕಾಗದ ಆಧಾರ್ ಕಾರ್ಡಿನ ಜೊತೆ ಆಸ್ಪತ್ರೆಗೆ ಬರಲಿ. ಆಧಾರಿನಲ್ಲಿ ಹೇಗಿದೆಯೋ ಹಾಗೆಯೇ ಪ್ರತಿ ಸಲ ಹೆಸರು ಬರೆಸಿ.

ಮತ್ತೆ ವಾರ್ಡಿನಲ್ಲಿ ಸಿಸ್ಟರ್ ಬಂದು ಹೆಸರು ಕೇಳಿದಾಗ ಉಮ್ಮನೇ ಹೇಳಲಿ, ಪೂರ್ತಿ ಹೇಳಲಿ. ಕೈಯ ಪಟ್ಟಿ ತೋರಿಸಲಿ. ಆಮೇಲೆ ನೀವು ಒಂದು ಪ್ರಶ್ನೆ ಕೇಳಿ: "ಇದು ಯಾವ ಮದ್ದು, ಯಾವುದಕ್ಕೆ?" ಒಳ್ಳೆಯ ಸಿಸ್ಟರಿಗೆ ಅದರಿಂದ ಬೇಸರ ಆಗುವುದಿಲ್ಲ. ಹೆಸರೇ ಕೇಳದೆ ಸೂಜಿ ಹಿಡಿದು ಬಂದರೆ ತೋಳು ಚಾಚಬೇಡಿ. "ಮೊದಲು ಹೆಸರು ಕೇಳಿ ಮಗಳೇ" ಎಂದು ನೀವೇ ಹೇಳಿ.

ನನಗೆ ಆ ದಿನ ಹಾಗೆ ಹೇಳುವವರು ಯಾರೂ ಇರಲಿಲ್ಲ.