ಕಳಿಸಿದವನೇ ಮುದ್ರಕ!



ಬಿಳೇಕಹಳ್ಳಿಯಲ್ಲಿ ಪ್ರೆಸ್ ಇಟ್ಟುಕೊಂಡಿರುವ ನನ್ನ ಮಾತು ಸ್ವಲ್ಪ ಕೇಳಿ. ಚುನಾವಣೆಯ ಒಂದು ಕರಪತ್ರ ಅಚ್ಚು ಹಾಕಿದರೂ ಅದರ ಮೇಲೆ ಮುದ್ರಕನ, ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯಿದೆಯ ಮಾತಿದು. ತಪ್ಪಿದರೆ ಆರು ತಿಂಗಳವರೆಗೆ ಜೈಲು!

2025ರ ಜೂನ್ 4ರಂದು ಏನಾಯಿತು? ಆರ್‌ಸಿಬಿ ಕಪ್ ಗೆದ್ದ ಮರುದಿನ. ತಂಡ ಬೆಳಿಗ್ಗೆಯೇ ಜಾಲತಾಣದಲ್ಲಿ ಕರೆ ಹಾಕಿತು. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ನನ್ನ ಪ್ರೆಸ್ಸಿನ ಹುಡುಗರೂ ಕೆಲಸ ಬಿಟ್ಟು ಹೊರಟರು. ಯಾರು ಕಳಿಸಿದರೆಂದು ಕೇಳಿದರೆ, "ಎಲ್ಲರೂ ಕಳಿಸ್ತಾ ಇದಾರೆ ಸಾರ್" ಎಂದರು. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ! ಗೇಟುಗಳಲ್ಲಿ ಕಾಲ್ತುಳಿತ. 11 ಜೀವಗಳು ಹೋದವು. ಒಳಗೆ ಸಂಭ್ರಮ ನಡೆದೇ ಇತ್ತು.

"ಬನ್ನಿ" ಎಂಬ ಮಾತು ಕ್ಷಣದಲ್ಲಿ ತಲುಪಿತು. "ಜಾಗವಿಲ್ಲ, ಬರಬೇಡಿ" ಎಂಬ ಮಾತು ಯಾಕೆ ಅಷ್ಟೇ ಬೇಗ ತಲುಪಲಿಲ್ಲ?

ಸರ್ಕಾರ, ಪೊಲೀಸರು, ಸಂಘಟಕರು ಉತ್ತರ ಕೊಡಲಿ, ಕೊಡಲೇಬೇಕು. ಆದರೆ ನಾವು? ಮುಂದಿನ ಸಲ ಕರೆ ಬಂದರೆ ಕೇಳಿ: ಕರೆದವರು ಯಾರು? ಜಾಗ ಎಷ್ಟು? ಗೇಟು ಯಾವುದು? ಉತ್ತರವಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದಿರೋ, ಅದರ ಮುದ್ರಕರು ನೀವೇ!